ಎದೆ ಹಿಡಿದವರಿಗೆ ಚಪ್ಪಾಳೆ

ಟ್ರಂಪೆಟ್ ಊದುತ್ತಿದ್ದ ಹಿರಿಯರು ನಡುವೆಯೇ ಸ್ವರ ನಿಲ್ಲಿಸಿ, ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು.

ಜರ್ಮನಿಯ ಬೊಬ್ಲಿಂಗೆನ್‌ನ ಬಿಯರ್ ಗಾರ್ಡನ್ ಒಂದರಲ್ಲಿ ಅಂದು ಭಾನುವಾರ ಬೆಳಗಿನ ಜಾಝ್ ಕಛೇರಿ. ಹಾಡಿನ ನಡುವೆಯೇ ಒಬ್ಬೊಬ್ಬರ ಸೋಲೋ ವಾದನ ಮುಗಿದಾಗಲೂ ಕೈ ತಟ್ಟುವುದು ಇಲ್ಲಿಯ ಪದ್ಧತಿ. ಪದ್ಧತಿ ಪಾಲಿಸುವುದರಲ್ಲಿ ಜರ್ಮನರನ್ನೂ ಮೀರಿಸಿದ ನನ್ನ ಮೈಸೂರಿನ ಗೆಳೆಯ ನವೀನ ಎದ್ದು ನಿಂತೇ ತಟ್ಟಿದ.

"ಏನ್ ಫೀಲ್ ಗುರು! ಫುಲ್ ಮುಳುಗಿಹೋಗಿದಾರೆ ನೋಡು!"

ಇನ್ನು ತನ್ನ ಸರದಿ ಎಂದುಕೊಂಡ ಡ್ರಮ್ಮರ್ ಉತ್ಸಾಹದಿಂದ ಬಾರಿಸತೊಡಗಿದ. ಹಿರಿಯರ ತುಟಿ ನೀಲಿಗಟ್ಟುತ್ತಿತ್ತು. ಟ್ರಂಪೆಟ್ ಅವರ ಕೈಯಿಂದ ಜಾರಿ ನೆಲಕ್ಕೆ ಬಡಿದಾಗಲೇ ನಮ್ಮ ರಸಿಕತೆ ನಿಂತದ್ದು. ಯಾರೋ ಆಂಬುಲೆನ್ಸ್‌ಗೆ ಫೋನ್ ಮಾಡಿದರು.

ಸ್ಟ್ರೆಚರ್ ನಮ್ಮ ಮೇಜಿನ ಪಕ್ಕ ಹಾದಾಗ ಅವರು ಆಕ್ಸಿಜನ್ ಮಾಸ್ಕ್ ಸರಿಸಿ, ಕ್ಷೀಣ ದನಿಯಲ್ಲಿ ಜರ್ಮನ್‌ನಲ್ಲಿ ಹೇಳಿದರು: "ಐವತ್ತು ವರ್ಷ ಊದಿದೆ, ಹಾಡಿದೆ. ಇಷ್ಟು ಚಪ್ಪಾಳೆ ಬಿದ್ದದ್ದು ನಿಲ್ಲಿಸಿದಾಗಲೇ ನೋಡಿ!"

ಅವರು ಬದುಕಿಕೊಂಡರು. ಈಗ ಊದುವುದಿಲ್ಲ, ಹಾಡುತ್ತಾರೆ ಅಷ್ಟೇ. ಉಸಿರೆಳೆದುಕೊಳ್ಳಲು ಅವರು ಒಂದು ಗಳಿಗೆ ತಡೆದರೂ ನನ್ನ ಕೈ ಫೋನಿಗೆ ಹೋಗುತ್ತದೆ. ನವೀನ ಮಾತ್ರ ಆಗಲೂ ತಟ್ಟುತ್ತಾನೆ.