ಗೆರಟೆ ಅಳತೆಯ ಕ್ಲೋರಿನ್

ಕುಂಬ್ರದ ನಮ್ಮ ನೆರೆಯವರು ಮನೆಯ ಹಿಂದೆ ಈಜುಕೊಳ ಕಟ್ಟಿಸಿದ್ದರು. ಕ್ಲೋರಿನ್ ಅಳೆಯುವ ಪಟ್ಟಿಗಳ ಡಬ್ಬಿಯನ್ನು ಮಾತ್ರ ತೆರೆಯಲೇ ಇಲ್ಲ. ಬಾವಿಗೆ ಹಾಕುವಂತೆ ಬ್ಲೀಚಿಂಗ್ ಪುಡಿಯನ್ನು ತೆಂಗಿನ ಗೆರಟೆಯಲ್ಲಿ ತುಂಬಿ ಎರಚಿ, ಮೂಗರಳಿಸಿ, ಪ್ರತಿ ಸಲವೂ ತೀರ್ಪು ಕೊಡುತ್ತಿದ್ದರು: "ಪರಿಮಳ ಬಂತಲ್ಲ, ನೀರು ಕ್ಲೀನ್." ಇಂಥ ಮೂಗಿರುವಾಗ ವಿಜ್ಞಾನವೇಕೆ?

ಒಂದು ಮಧ್ಯಾಹ್ನ ಅವರ ಮೊಮ್ಮಗಳು ಕೆಂಪಡರಿದ ಕಣ್ಣುಗಳನ್ನು ಉಜ್ಜುತ್ತ, ಅಳುತ್ತ ಕೊಳದಿಂದ ಮೇಲೆ ಬಂದಳು.

"ಅಳತೆ ನೋಡಿದ್ದೀರಾ ಮಾವ?" ಎಂದೆ.

"ಎಂತ ಅಳತೆ ಮಾರಾಯ್ತಿ? ಬಾವಿಗೆ ಅಜ್ಜನ ಕಾಲದಿಂದ ಹೀಗೇ ಹಾಕುದು."

"ಬಾವಿಯಲ್ಲಿ ಯಾರೂ ಕಣ್ಣು ಬಿಟ್ಟು ಮುಳುಗುದಿಲ್ಲ."

"ಅವಳದ್ದು ನಾಟಕ. ನೀರು ಫಸ್ಟ್ ಕ್ಲಾಸ್ ಉಂಟು."

"ಹಾಗಾದ್ರೆ ನೀವೊಮ್ಮೆ ಇಳಿಯಿರಿ."

ಅವರು ಅಂಚಿನಿಂದ ಗಾಂಭೀರ್ಯ ಕೆಡದಂತೆ ಹಿಂದೆ ಸರಿದರು. "ನಂಗೆ ಆಗುದಿಲ್ಲ ಮಾರಾಯ್ತಿ. ಕಣ್ಣಿನ ಆಪರೇಶನ್ ಆದದ್ದಲ್ವಾ, ಡಾಕ್ಟ್ರು ಜಾಗ್ರತೆ ಹೇಳಿದ್ದಾರೆ."