ಅಯ್ನೋರು ಬಿಟ್ಟ ಒಂದು ಮಾತು

ನೀಲಾಬಾಯಿಯ ಚೀಲದಲ್ಲಿ ಜೋಳದ ಗಂಜಿಯ ಫ್ಲಾಸ್ಕು ಇಲ್ಲದ ದಿನವಿರಲಿಲ್ಲ. ಜೊತೆಗೆ ಎಳನೀರಿನವನ ಹತ್ತಿರ ಕೇಳಿ ತಂದ ಒಂದು ಹಿಡಿ ಸ್ಟ್ರಾ, ಒಗೆದು ಮಡಿಸಿದ ಹಳೆ ಸೀರೆಯ ತುಂಡುಗಳು. ಬಾಯಿಯ ಕ್ಯಾನ್ಸರ್ ಹಿಡಿದವರಿಗೆ ರೊಟ್ಟಿ ಅಗಿಯಲಾಗುವುದಿಲ್ಲ, ಜೊಲ್ಲು ತಡೆಯಲಾಗುವುದಿಲ್ಲ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬೀದರಿನ ಕಡೆಯ ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿ ದುಡಿದ ಕೈ ಅದು, ನೋಡಿ ನೋಡಿ ಕಲಿತಿತ್ತು.

ಗಂಡ ಧರ್ಮಣ್ಣ ಅದೇ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಉಪದೇಶಿಯಾಗಿದ್ದವರು. ನಿವೃತ್ತರಾದ ಮೇಲೆ ಸಭೆಯವರು ಇಬ್ಬರನ್ನೂ ಮುಂಬಯಿಗೆ ಕಳಿಸಿದರು. ಊರಿನಿಂದ ದೊಡ್ಡಾಸ್ಪತ್ರೆಗೆಂದು ಬಂದು ಭಾಷೆ ತಿಳಿಯದೆ ಕಂಗಾಲಾಗುವ ಕನ್ನಡದವರ ಜೊತೆ ನಿಲ್ಲುವುದು ಅವರ ಸೇವೆ. ಎರಡು ವರ್ಷಕ್ಕೆಂದು ಬಂದವರು ಒಂಬತ್ತು ವರ್ಷ ಕುರ್ಲಾದ ಚಾಳಿನ ಒಂದೇ ಖೋಲಿಯಲ್ಲಿ ಉಳಿದಿದ್ದರು. ಬೆಳಿಗ್ಗೆ ಆರೂವರೆಯ ಲೋಕಲ್. ನೀಲಾಬಾಯಿ ಹೆಂಗಸರ ಡಬ್ಬಿಗೆ, ಧರ್ಮಣ್ಣನವರು ಗಂಡಸರ ನೂಕುನುಗ್ಗಲಿಗೆ. ಪರೇಲಿನಲ್ಲಿ ಇಳಿದು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವುದೇ ದಿನದ ಮೊದಲ ಕೆಲಸ. ಆಮೇಲೆ ಆಸ್ಪತ್ರೆಯ ಸಾಲು. ಅವಳು ಸಾಲಿನಲ್ಲಿ ಜಾಗ ಹಿಡಿಯುವಳು, ಅವರು ಡಾಕ್ಟರ ಮಾತನ್ನು ಕನ್ನಡಕ್ಕೆ ತಿರುಗಿಸುವರು. ಕೇಳಿದವರಿಗೆ ಪ್ರಾರ್ಥನೆ, ಕೇಳದವರಿಗೆ ಗಂಜಿ. ಎಷ್ಟೋ ಮಂದಿ ಎರಡನ್ನೂ ಕೇಳುತ್ತಿದ್ದರು.

ತರ್ಜುಮೆ ಧರ್ಮಣ್ಣನವರ ಹಳೆಯ ಹೆಮ್ಮೆ. ಹರೆಯದಲ್ಲಿ ಹೊರದೇಶದ ಬೋಧಕರು ಬಂದಾಗ ವೇದಿಕೆಯ ಮೇಲೆ ಪಕ್ಕದಲ್ಲಿ ನಿಲ್ಲುತ್ತಿದ್ದವರು ಅವರೇ. ಬೋಧಕ ನಾಲ್ಕು ಮಾತಾಡಿದರೆ ಇವರು ಅದಕ್ಕೆ ಹೊಲ, ಬಾವಿ, ಕುರಿ ಸೇರಿಸಿ ನಲವತ್ತು ಮಾಡುವರು. ಬೋಧಕ ಸಿಟ್ಟಿನಿಂದ ಬೈದರೆ ಇವರ ಬಾಯಲ್ಲಿ ಅದು ಬುದ್ಧಿಮಾತಾಗಿ ಹೊರಬೀಳುವುದು. "ದೊರೆಗಿಂತ ನಮ್ಮ ಅಯ್ನೋರೇ ಚಲೋ ಹೇಳ್ತಾರ" ಎಂದು ಜನ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು. ಹೆಂಗಸರ ಸಾಲಿನಲ್ಲಿ ಕೂತ ನೀಲಾಬಾಯಿಗೆ ಬಿಟ್ಟ ಮಾತು ಯಾವುದು, ಸೇರಿಸಿದ್ದು ಯಾವುದು ಎಂದು ಅಷ್ಟಿಷ್ಟು ತಿಳಿಯುತ್ತಿತ್ತು. ಗಂಡ ನಾಲ್ಕು ಜನರ ಮುಂದೆ ನಿಂತು ಮಾತಾಡುವಾಗ ಹೆಂಡತಿ ನಡುವೆ ಬಾಯಿ ಹಾಕಬಾರದು. ನಲವತ್ತಾರು ವರ್ಷ ಅವಳು ಹಾಕಿರಲಿಲ್ಲ.

ಮಹಾದೇವಿ ಸಿಕ್ಕಿದ್ದು ಸೋಮವಾರದ ಸಾಲಿನಲ್ಲಿ. ಸುರಪುರದ ಕಡೆಯ ಹೆಣ್ಣು, ಮೂವತ್ತೆಂಟರ ಪ್ರಾಯ, ಕಟ್ಟಡದ ಕೂಲಿ. ಚಿಕ್ಕಂದಿನಿಂದ ಒಸಡಿಗೆ ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಿಕೊಂಡು ಬೆಳೆದವಳು. ಎಡಗೆನ್ನೆಯ ಒಳಗೆ ಹುಣ್ಣು. ಗಂಡ ಬಸವಂತಪ್ಪನಿಗೆ ಕೆಲಸ ಬಿಟ್ಟು ಬರಲಾಗಿರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಈಗಲೇ ಆಪರೇಷನ್ ಮಾಡಿದರೆ ಉಳಿಯುತ್ತಾಳೆ, ದವಡೆಯ ಒಂದು ಭಾಗ ಹೋಗುತ್ತದೆ, ಮುಂದಿನ ಸೋಮವಾರ ಹಾಸಿಗೆ ಇದೆ, ತಡ ಮಾಡಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮಹಾದೇವಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಡುಗುತ್ತಿದ್ದಳು. ಧರ್ಮಣ್ಣನವರು ಆ ನಡುಕ ನೋಡಿದರು.

"ಹೆದರಬ್ಯಾಡ ತಂಗಿ" ಎಂದರು. "ವಾಸಿ ಆಗ್ತದ ಅಂತಾರ ಡಾಕ್ಟರ್‌ಬಾಯಿ. ಒಂದು ಆಪರೇಷನ್, ಮುಗೀತು. ಮುಂದಿನ ಸೋಮವಾರ ಬಾ ಅಂದಾರ."

ಇಷ್ಟೇ. ನೀಲಾಬಾಯಿ ಗಂಡನ ಮುಖ ನೋಡಿದಳು, ಡಾಕ್ಟರಮ್ಮನ ಮುಖ ನೋಡಿದಳು, ಚೀಲದ ಹಿಡಿಕೆ ಬಿಗಿಹಿಡಿದಳು. ಡಾಕ್ಟರಮ್ಮ ಮುಂದಿನವರನ್ನು ಕರೆದಳು.

ಹೊರಗೆ ಬಂದು ಮಹಾದೇವಿ ಮೊದಲ ಸಲ ನಕ್ಕಳು. "ಅಂಜಿ ಸತ್ತಿದ್ನೆವ್ವ. ವಾಸಿ ಆಗೋ ಬ್ಯಾನಿ ಅಂದಮ್ಯಾಲ ಜೀವ ಬಂತು." ಅವಳು ಪೂರ್ತಿ ಗಂಜಿ ಕುಡಿದಳು.

ಲೋಕಲಿನಿಂದಿಳಿದು ಚಾಳಿಗೆ ನಡೆಯುವಾಗ ನೀಲಾಬಾಯಿ ಕೇಳಿದಳು, "ಅಲ್ಲರೀ, ತಡ ಮಾಡಬ್ಯಾಡ ಅಂದದ್ದು ಹೇಳಲಿಲ್ಲಲ್ಲ?"

"ಸೋಮವಾರ ಬಾ ಅಂದೀನಲ್ಲ. ಅಕಿ ಬರ್ತಾಳ. ಹೆದರಿಕೀನೇ ಅರ್ಧ ಜೀವ ತಿಂತದ ನೀಲಾ."

ಸೋಮವಾರ ಮಹಾದೇವಿ ಬರಲಿಲ್ಲ. ನೀಲಾಬಾಯಿ, ಧರ್ಮಣ್ಣನವರು ಮಧ್ಯಾಹ್ನದವರೆಗೆ ಗೇಟಿನ ಹತ್ತಿರ ಅವಳ ಫೈಲು ಹಿಡಿದು ನಿಂತರು. ಫೋನು ಸ್ವಿಚ್ ಆಫ್. ಹಾಸಿಗೆ ಬೇರೆಯವರಿಗೆ ಹೋಯಿತು. ಡಾಕ್ಟರಮ್ಮ ಫೈಲು ತಿರುವಿ, "ಹೆಚ್ಚೆಂದರೆ ಒಂದು ತಿಂಗಳು ಕಾಯಬಹುದು ಬಾಬಾ. ಆಮೇಲೆ ಕರೆತಂದರೂ ಪ್ರಯೋಜನವಿಲ್ಲ" ಎಂದಳು. ಈ ಮಾತನ್ನು ಯಾರಿಗೂ ತರ್ಜುಮೆ ಮಾಡುವ ಅಗತ್ಯವಿರಲಿಲ್ಲ.

ಆ ಸಂಜೆಯೇ ಇಬ್ಬರೂ ಫೈಲಿನಲ್ಲಿದ್ದ ವಿಳಾಸ ಹಿಡಿದು ಕುರ್ಲಾದ ದೊಡ್ಡ ಚರಂಡಿಯಂಚಿನ ಜೋಪಡಿಗಳಿಗೆ ಹೋದರು. ಮಹಾದೇವಿಯ ಖೋಲಿಗೆ ಬೀಗ. ಪಕ್ಕದ ಇಂದ್ರಾಬಾಯಿ ಬಾಗಿಲಲ್ಲಿ ಮೆಂತೆ ಸೋಸುತ್ತಿದ್ದಳು.

"ಕೂಲಿ ಮುಕಾದಮ ಬಂದು ಗ್ಯಾಂಗ್ ಎಲ್ಲಾ ಎತ್ತಿಕೊಂಡು ಹೋದ. ಅಂಧೇರಿ ಕಡಿ ಎಲ್ಲೋ ದೊಡ್ಡ ಬಿಲ್ಡಿಂಗ್ ಅಂತ."

"ದವಾಖಾನಿಗಿ ಬರಬೇಕಿತ್ತಲ್ಲವ್ವ ಅಕಿ?" ಎಂದಳು ನೀಲಾಬಾಯಿ.

"ನಾನೂ ಕೇಳ್ದೆ. ವಾಸಿ ಆಗೋದು ಅದಂತ, ಅಯ್ನೋರೇ ಹೇಳ್ಯಾರಂತ. ಈ ಸ್ಲ್ಯಾಬ್ ಮುಗಿಸಿ ನಿಶ್ಚಿಂತಿ ಮಾಡಿಸ್ಕೋತೀನಿ ಅಂದ್ಳು." ಇಂದ್ರಾಬಾಯಿ ಧರ್ಮಣ್ಣನವರ ಕಡೆ ನೋಡಿ ನಕ್ಕಳು. "ನಿಮ್ಮ ಮಾತಂದ್ರ ಅಕಿಗಿ ಭಾಳ ಭರೋಸ ಅಯ್ನೋರ."

ಧರ್ಮಣ್ಣನವರು ಅಲ್ಲೇ ಇದ್ದ ನೀರಿನ ಡ್ರಮ್ಮಿಗೆ ಕೈ ಊರಿದರು.

ಮರುದಿನದಿಂದ ಅವರ ದಿನ ಎರಡು ಪಾಲಾಯಿತು. ಮಧ್ಯಾಹ್ನದವರೆಗೆ ಪರೇಲಿನ ಸಾಲು, ಆಮೇಲೆ ಅಂಧೇರಿ. ಕುರ್ಲಾದಿಂದ ಬಸ್ಸು ಹಿಡಿದು, ಕಂಡ ಕಂಡ ಕಡೆ ಇಳಿದು, ಹಸಿರು ಬಲೆ ಹೊದ್ದ ಕಟ್ಟಡವಿದ್ದಲ್ಲೆಲ್ಲ ಗೇಟು ತಟ್ಟುವುದು. ಅಂಧೇರಿಯಲ್ಲಿ ಅಂಥ ಕಟ್ಟಡಗಳಿಗೆ ಬರವೇ? ಒಂದು ರಸ್ತೆಯಲ್ಲಿ ಐದು. ವಾಚ್‌ಮನ್ನರು ಒಳಗೆ ಬಿಡುತ್ತಿರಲಿಲ್ಲ. ಧರ್ಮಣ್ಣನವರ ಬಿಳಿ ಅಂಗಿ, ಕಂಕುಳಲ್ಲಿದ್ದ ಕಪ್ಪು ರಟ್ಟಿನ ಪುಸ್ತಕ ನೋಡಿ ಒಬ್ಬ ಹೇಳಿದ, "ಇಲ್ಲಿ ಯಾರಿಗೂ ನಿಮ್ಮ ದೇವರು ಬೇಡ, ಮುಂದೆ ಹೋಗಿ." ಅಂದಿನಿಂದ ನೀಲಾಬಾಯಿ ಆ ಪುಸ್ತಕವನ್ನು ತನ್ನ ಚೀಲದ ತಳದಲ್ಲಿ, ಸೀರೆಯ ತುಂಡುಗಳ ಕೆಳಗೆ ಇಟ್ಟುಕೊಂಡಳು.

ಕೂಲಿಗಳು ಬೆಳಿಗ್ಗೆ ಕೆಲಸಕ್ಕೆ ಕಾದು ನಿಲ್ಲುವ ನಾಕಾಗಳಿಗೂ ಹೋದರು. ಕನ್ನಡ ಕೇಳಿದರೆ ಸಾಕು, ನೀಲಾಬಾಯಿ ಓಡುವಳು. "ಸುರಪುರದವರೇನವ್ವ? ಮಹಾದೇವಿ ಅಂತ, ಎಡಗಲ್ಲ ಊದ್ಯದ, ನೋಡೀರೇನು?" ಒಬ್ಬಳು ವಿರಾರ್ ಕಡೆ ನೋಡಿದೆ ಎಂದಳು. ಇನ್ನೊಬ್ಬ ಊರಿಗೆ ಹೋದಳು ಎಂದ. ನಾಲ್ಕು ದಿನ ಆ ಮಾತುಗಳ ಬೆನ್ನು ಹತ್ತಿ ಹಾಳಾದವು. ಧರ್ಮಣ್ಣನವರ ಮೊಣಕಾಲು ಊದಿಕೊಂಡಿತು. ಮನೆಯಲ್ಲಿ ಊಟಕ್ಕೆ ಮೊದಲು ಅವರು ಮಾಡುತ್ತಿದ್ದ ಉದ್ದ ಪ್ರಾರ್ಥನೆ ಗಿಡ್ಡವಾಗುತ್ತ ಬಂದು ಒಂದು ಹೆಸರಿಗೆ ನಿಂತಿತು. ಕಣ್ಣು ಮುಚ್ಚಿ "ಮಹಾದೇವಿ" ಎನ್ನುವರು, ಆಮೇನ್ ಎನ್ನುವರು.

ಗೋಡೆಯ ಕ್ಯಾಲೆಂಡರಿನಲ್ಲಿ ಡಾಕ್ಟರಮ್ಮ ಕೊಟ್ಟ ತಿಂಗಳು ಮುಗಿದ ದಿನ ನೀಲಾಬಾಯಿ ಅದನ್ನು ತಿರುವಿ ಗೋಡೆಯ ಕಡೆ ಮುಖ ಮಾಡಿಟ್ಟಳು.

"ಇನ್ನ ಹುಡುಕಿ ಏನು ಮಾಡೋದು?" ಎಂದರು ಧರ್ಮಣ್ಣನವರು.

"ಡಾಕ್ಟರು ಹೇಳಿದ ದಿನ ಮುಗೀತು. ನಾವು ಬಿಟ್ಟ ಮಾತು ಹಂಗೇ ಉಳದದಲ್ಲರಿ."

ನಾವು ಎಂದಳು. ಅವರು ತಲೆಯೆತ್ತಿ ಅವಳನ್ನು ನೋಡಿದರು.

ಹುಡುಕಾಟದ ನಲವತ್ತೊಂದನೆಯ ದಿನ ಮಹಾದೇವಿ ಸಿಕ್ಕಳು. ಯಾವ ಗೇಟಿನಲ್ಲೂ ಅಲ್ಲ, ಒಂದು ಔಷಧದ ಅಂಗಡಿಯ ಮುಂದೆ, ಹಲ್ಲುನೋವಿನ ಮಾತ್ರೆ ಕೊಳ್ಳುತ್ತ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಸೆರಗು ಒದ್ದೆಯಾಗಿತ್ತು. ನೀಲಾಬಾಯಿ ಮೆಲ್ಲಗೆ ಸೆರಗು ಸರಿಸಿದಳು. ಗಂಟು ಕೆನ್ನೆಯಿಂದ ಇಳಿದು ಕತ್ತಿಗೆ ಬಂದಿತ್ತು. ಮೂವತ್ತು ವರ್ಷದ ಆಯಾಗೆ ಡಾಕ್ಟರು ಬೇಕಿರಲಿಲ್ಲ.

"ಇನ್ನೆರಡು ಸ್ಲ್ಯಾಬ್ ಅದಾವವ್ವ" ಎಂದಳು ಮಹಾದೇವಿ, ಮಾತು ತೊದಲುತ್ತಿತ್ತು. "ಮುಗಿಸಿ ಬರೋಳಿದ್ದೆ."

ಅಷ್ಟರಲ್ಲಿ ಬಸವಂತಪ್ಪ ಸಿಮೆಂಟಿನ ಕೈಯಲ್ಲೇ ಬಂದ. ಈಗಲೇ ದವಾಖಾನೆಗೆ ನಡೆಯಬೇಕು ಎಂದದ್ದು ಕೇಳಿ ಹಣೆ ಗಂಟಿಕ್ಕಿದ.

"ಅವತ್ತ ವಾಸಿ ಆಗ್ತದ ಅಂದ್ರಿ. ಇವತ್ತ ಓಡು ಓಡು ಅಂತೀರಿ. ಯಾವುದು ಖರೆ ಅಯ್ನೋರ? ನಾವು ಯಾವುದು ನಂಬೋದು?"

ಧರ್ಮಣ್ಣನವರು ರಸ್ತೆಯಂಚಿನ ಮರಳಗುಡ್ಡೆಯ ಮೇಲೆ ಕೂತರು. ಸಾವಿರ ಜನರ ಮುಂದೆ ನಿಂತು ಮಾತಾಡಿದ ಬಾಯಿ ಅದು. ಈಗ ಕಾಲಬುಡದ ಮರಳಿಗೆ ಹೇಳಿದಂತೆ ಹೇಳಿತು.

"ನಾ ಪೂರಾ ಹೇಳಲಿಲ್ಲಪ್ಪ. ಕೂಡ್ಲೇ ಮಾಡಿಸಬೇಕು, ತಡ ಆದ್ರ ಉಳಿಯಂಗಿಲ್ಲ ಅಂದಿದ್ರು. ದವಡಿ ತೆಗೀತಾರ ಅಂದಿದ್ರು. ಅಕಿ ಅಂಜ್ತಾಳಂತ ನಾ ನುಂಗಿಬಿಟ್ಟೆ."

ಬಸವಂತಪ್ಪ ಕೈಯಲ್ಲಿದ್ದ ಕರಣೆಯನ್ನು ನೆಲಕ್ಕೆ ಎಸೆದ. ಮುದುಕನ ಮೇಲೆ ಕೈ ಮಾಡಲಿಲ್ಲ. "ನಿಮಗ ಯಾರು ಕೇಳಿದ್ರು ನಮ್ಮ ಅಂಜಿಕಿ?" ಎಂದ, ಅಷ್ಟೇ. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ರಿಕ್ಷಾ ಕರೆದವನೂ ಅವನೇ.

ಪರೇಲಿನಲ್ಲಿ ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಕತ್ತು ಮುಟ್ಟಿ ನೋಡಿದಳು. ಹೊಸ ಫೋಟೋ ತೆಗೆಸಿದಳು. ಬಹಳ ಹೊತ್ತು ಪರದೆ ನೋಡಿ, ನಿಧಾನವಾಗಿ, ಹಿಂದಿಯಲ್ಲಿ ಮಾತಾಡಿದಳು. ಡಾಕ್ಟರುಗಳು ನಿಧಾನವಾಗಿ ಮಾತಾಡುವುದು ಯಾವಾಗ ಎಂದು ನೀಲಾಬಾಯಿಗೆ ಗೊತ್ತಿತ್ತು. ಮಾತು ಮುಗಿಸಿ ಡಾಕ್ಟರಮ್ಮ ಧರ್ಮಣ್ಣನವರ ಕಡೆ ತಿರುಗಿ, ಹೇಳಿ ಬಾಬಾ ಎನ್ನುವಂತೆ ತಲೆಯಾಡಿಸಿದಳು.

ಧರ್ಮಣ್ಣನವರ ತುಟಿ ಅಲುಗಿತು. ಮಹಾದೇವಿ ಅವರನ್ನು ನೋಡಲೇ ಇಲ್ಲ.

"ಅವ್ವಾ, ನೀ ಹೇಳು" ಎಂದಳು.

ನೀಲಾಬಾಯಿ ಗಂಡನ ಕಡೆ ತಿರುಗದೆ ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

"ಗಂಟು ಕತ್ತಿನ ದೊಡ್ಡ ನರ ಹಿಡದದ. ಇನ್ನ ಆಪರೇಷನ್ ಆಗಂಗಿಲ್ಲ. ನೋವು ಕಮ್ಮಿ ಮಾಡ್ಲಿಕ್ಕೆ ಔಷಧ ಕೊಡ್ತಾರ, ಕರೆಂಟಿನ ಶೇಕ ಕೊಡ್ತಾರ. ಬ್ಯಾನಿ ಹೋಗಂಗಿಲ್ಲ ಮಹಾದೇವಿ. ಆರು ತಿಂಗಳಿರಬಹುದು, ಕಮ್ಮಿನೂ ಇರಬಹುದು ಅಂತಾರ."

ಒಂದು ಮಾತೂ ಬಿಡಲಿಲ್ಲ. ಬಿಡದೆ ಹೇಳುವಾಗ ನಾಲಿಗೆ ಇಷ್ಟು ಭಾರವಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಬಸವಂತಪ್ಪ ಗೋಡೆಯ ಕಡೆ ತಿರುಗಿಕೊಂಡ. ಮಹಾದೇವಿ ಅಳಲಿಲ್ಲ. ಸೀರೆಯ ತುಂಡಿನಿಂದ ಜೊಲ್ಲು ಒರೆಸಿಕೊಂಡು ಕೇಳಿದಳು:

"ಅವತ್ತ ನಿನಗೂ ಹಿಂದಿ ತಿಳೀತಿತ್ತೇನವ್ವ?"

"ತಿಳೀತಿತ್ತು."

"ಮತ್ತ ನೀನರೆ ಹೇಳಬಾರದಿತ್ತ?"

ನೀಲಾಬಾಯಿ ಚೀಲಕ್ಕೆ ಕೈ ಹಾಕಿದಳು. ಫ್ಲಾಸ್ಕು ತೆಗೆದು ಗಂಜಿ ಸುರಿದು ಸ್ಟ್ರಾ ಇಟ್ಟಳು. ಮಹಾದೇವಿ ಲೋಟ ಮುಟ್ಟದೆ ಮುಖ ತಿರುಗಿಸಿದಳು. ಗಂಜಿ ಆರಿ ಕೆನೆಗಟ್ಟುವವರೆಗೂ ನೀಲಾಬಾಯಿ ಲೋಟ ಹಿಡಿದೇ ಕೂತಿದ್ದಳು. ಏಳುವ ಮುಂಚೆ, "ನಾಳಿ ಹತ್ತಕ್ಕ ಶೇಕಕ್ಕ ಕರೀತಾರ. ನಾ ಬರ್ತೀನಿ" ಎಂದಳು.

ಮರುದಿನ ಬೆಳಿಗ್ಗೆ ಧರ್ಮಣ್ಣನವರು ಹಾಸಿಗೆ ಬಿಟ್ಟು ಏಳಲಿಲ್ಲ.

"ಸಭೆಯವರಿಗೆ ಕಾಗದ ಬರೀತೀನಿ ನೀಲಾ. ಊರಿಗೆ ಹೋಗೋಣು. ನಾ ಇನ್ನ ಯಾವ ಮುಖ ಹೊತ್ತು ಅಲ್ಲಿ ನಿಲ್ಲಲಿ?"

ಅವಳು ಒಲೆಯ ಮುಂದೆ ಗಂಜಿ ತಿರುವುತ್ತಿದ್ದಳು. ಗಂಟಾಗದಂತೆ ಕೊನೆಯವರೆಗೂ ತಿರುವಿ, ಫ್ಲಾಸ್ಕಿಗೆ ಸುರಿದು, ಮುಚ್ಚಳ ಬಿಗಿ ಮಾಡಿದಳು. ಚೀಲವನ್ನು ತಂದು ಅವರ ಮಗ್ಗುಲಿಗೆ ಇಟ್ಟಳು.

"ಕಾಗದ ಆಮ್ಯಾಲ ಬರೀರಿ. ಇವತ್ತಿನಿಂದ ಡಾಕ್ಟರ ಮಾತು ನಾ ಹೇಳ್ತೀನಿ. ಚೀಲ ನೀವು ಹಿಡೀರಿ."

ಅವರ ಹೊದಿಕೆ ಸರಿಸಿದಳು.

"ಏಳ್ರಿ. ಅಕಿಗಿ ಹತ್ತಕ್ಕ ಅಂತ ಹೇಳೀನಿ."

ಆರೂವರೆಯ ಲೋಕಲಿಗೆ ಸೇತುವೆ ಇಳಿಯುವಾಗ ನೀಲಾಬಾಯಿ ಹಿಂದೆ ತಿರುಗಿ ನೋಡಿದಳು. ಗರ್ದಿಯ ನಡುವೆ, ಒಂದೊಂದೇ ಮೆಟ್ಟಿಲಿಗೆ ಮೊಣಕಾಲು ಹಿಡಿದು ನಿಲ್ಲುತ್ತ, ಗಂಜಿ ತುಳುಕದಂತೆ ಚೀಲವನ್ನು ಎದೆಗೆ ಅವುಚಿಕೊಂಡು ಧರ್ಮಣ್ಣನವರು ಬರುತ್ತಿದ್ದರು. ಗಾಡಿ ಬಂತು. ಅವಳು ಹತ್ತಲಿಲ್ಲ, ಅವರು ಇಳಿದು ಬರುವವರೆಗೆ ನಿಂತಳು. ಮುಂದಿನ ಗಾಡಿಯಲ್ಲಿ ಹೋದರೂ ಹತ್ತು ಗಂಟೆಯೊಳಗೆ ಮುಟ್ಟಬಹುದಿತ್ತು.