ಮೇಷ್ಟ್ರು ಬರೆಯದೆ ಬಿಟ್ಟ ಮನುಷ್ಯ

ಅವರ ಬಲಗೈಯ ಕಿರುಬೆರಳಿನಿಂದ ಮಣಿಕಟ್ಟಿನವರೆಗಿನ ಅಂಚು ಯಾವಾಗಲೂ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮರ, ಗದ್ದೆಗಳ ಚಿತ್ರ ಬರೆಯುವ ಪೆನ್ಸಿಲಿನ ಕಪ್ಪು ಅದು. ಹಾಳೆಯ ಮೇಲೆ ಕೈ ಊರಿ ಊರಿ ಹತ್ತಿದ್ದು, ಸೋಪಿಗೂ ಜಗ್ಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರು ಊಟದ ಡಬ್ಬಿ ಬಿಚ್ಚಿದರೆ ಸಾಕು, ನಾನು ರೇಗಿಸುತ್ತಿದ್ದೆ: "ಮೇಷ್ಟ್ರೇ, ಆ ಕೈಯಲ್ಲಿ ತಿಂದರೆ ಹೊಟ್ಟೆಯೊಳಗೂ ಮರ ಬೆಳೆಯುತ್ತೆ." ಅವರು ಕೈ ತಿರುಗಿಸಿ ನೋಡಿಕೊಂಡು, "ಬೆಳೀಲಿ ಬಿಡಮ್ಮ, ನೆರಳಾಗುತ್ತೆ" ಅನ್ನುತ್ತಿದ್ದರು.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಬೆಸಗರಹಳ್ಳಿಯಿಂದ ಮಳವಳ್ಳಿಗೆ ಕನ್ನಡ ಪಾಠ ಹೇಳಲು ಬಂದಾಗ ಅವರು ಅದೇ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ವಯಸ್ಸು ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ನಾನು ಬಾಡಿಗೆಗಿದ್ದ ವಠಾರದಲ್ಲಿ ಅವರದು ಎದುರು ಮನೆ. ಭಾನುವಾರ ಬೆಳಿಗ್ಗೆ ಒಂದು ರಟ್ಟು, ಎರಡು ಹಾಳೆ, ಬ್ಲೇಡಿನಲ್ಲಿ ಉದ್ದಕ್ಕೆ ಚೂಪು ಮಾಡಿದ ನಾಲ್ಕು ಪೆನ್ಸಿಲು ಹಿಡಿದು ಹಲಗೂರಿನ ಬಸ್ಸು ಹತ್ತುತ್ತಿದ್ದರು. ದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ಅವರ ಅಣ್ಣನ ಗದ್ದೆ. ಕೆರೆ ಏರಿ, ಒಂದು ಹೊಂಗೆಮರ, ಬದುಗಳು, ದೂರದಲ್ಲಿ ಗುಡ್ಡದ ಗೆರೆ. ಅದನ್ನೇ ವರ್ಷಗಟ್ಟಲೆ ಬರೆದರು. ಮೂಲೆಯಲ್ಲಿ ಸ್ಥಳ, ತಾರೀಖು ಹಾಕದೆ ಒಂದು ಚಿತ್ರವನ್ನೂ ಮುಗಿಸುತ್ತಿರಲಿಲ್ಲ.

ನೋಡಿದವರ ಉಸಿರು ನಿಧಾನವಾಗುತ್ತಿತ್ತು, ಅಂಥ ಚಿತ್ರಗಳು. ಕೆರೆಯ ನೀರಿಗೆ ಅವರು ಪೆನ್ಸಿಲನ್ನೇ ಸೋಕಿಸುತ್ತಿರಲಿಲ್ಲ. ಬಿಳಿ ಹಾಳೆಯನ್ನು ಹಾಗೇ ಬಿಟ್ಟರೆ ಅದೇ ನೀರಾಗಿ ನಿಲ್ಲುತ್ತಿತ್ತು. "ಬಿಡೋದು ಗೊತ್ತಿರಬೇಕು ಕಣಮ್ಮ. ಏನು ಬಿಡಬೇಕು ಅಂತ ಗೊತ್ತಾದ್ರೆ ಅರ್ಧ ಚಿತ್ರ ಆದ ಹಾಗೆ" ಅನ್ನುವುದು ಅವರ ಮಾತು. ಮಕ್ಕಳಿಗೂ ಅದನ್ನೇ ಹೇಳುತ್ತಿದ್ದರು.

ಒಂದು ಭಾನುವಾರ ಹಟ ಮಾಡಿ ನಾನೂ ಜೊತೆಗೆ ಹೋದೆ. ಕೆಂಪಣ್ಣ ಉಳುತ್ತಿದ್ದ. ಅವನಪ್ಪನ ಕಾಲದಿಂದ ಆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಮೇಷ್ಟ್ರು ಬದುವಿನ ಮೇಲೆ ಕೂತು ತೊಡೆಯ ಮೇಲೆ ರಟ್ಟು ಇಟ್ಟುಕೊಂಡದ್ದೇ ತಡ, ಅವನು ಎತ್ತು ನಿಲ್ಲಿಸಿದ.

"ಅಡ್ಡ ಆಯ್ತೀನಾ ಬುದ್ದಿ? ಒಸಿ ಆಚ್ಗೆ ನಿಂತ್ಕತೀನಿ ಬುಡಿ."

ಎತ್ತುಗಳನ್ನು ಹೊಡೆದುಕೊಂಡು ಎಡಗಡೆ ದೂರಕ್ಕೆ ಹೋಗಿ, ಮೇಷ್ಟ್ರ ಕೈ ನಿಲ್ಲುವ ತನಕ ಅಲ್ಲೇ ನಿಂತ. ಒಂದು ಗಂಟೆಯೇ ಆಯಿತೇನೋ. ಆಮೇಲೆ ಕಬ್ಬಿನ ಜಲ್ಲೆ ಮುರಿದು ತಂದು, "ತಿನ್ನಿ ಕಣವ್ವ, ಬಿಸ್ಲು" ಎಂದು ನನಗೂ ಕೊಟ್ಟ. ನಾನು ಒಕ್ಕಲು ಮನೆಯ ಹೆಣ್ಣು, ನೋಡಿ ಸುಮ್ಮನಿರಲಾಗಲಿಲ್ಲ. "ಆ ಮನುಷ್ಯನನ್ನೂ ಒಂಚೂರು ಸೇರಿಸಿ ಮೇಷ್ಟ್ರೇ" ಅಂದೆ. ಅವರು ನಕ್ಕರು. "ನಂಗೆ ಮನುಷ್ಯರು ಬರಲ್ಲ ಕಣಮ್ಮ. ಬರೆದ್ರೆ ಬೆದರುಗೊಂಬೆ ಆಗ್ತಾನೆ, ಪಾಪ."

ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ಕೆಂಪಣ್ಣ ಅರ್ಜಿ ಹಾಕಿದ. ಅವನ ಹತ್ತಿರ ಒಂದು ಚೂರು ಕಾಗದವಿರಲಿಲ್ಲ. ಗೇಣಿಗೆ ರಸೀದಿ ಕೊಡುವ ಅಭ್ಯಾಸ ಮೇಷ್ಟ್ರ ಅಣ್ಣನಿಗಿರಲಿಲ್ಲ. ಗೇಣಿಯೇ ಇಲ್ಲ, ನಾವೇ ಕೂಲಿಯವರನ್ನಿಟ್ಟು ಮಾಡಿಸಿದ್ದು ಎಂದು ಅಣ್ಣ ಹೇಳಿಕೆ ಕೊಟ್ಟರು. ಒಂದು ಸಂಜೆ ಕೆಂಪಣ್ಣ ವಠಾರಕ್ಕೆ ಬಂದು ಮೇಷ್ಟ್ರ ಜಗಲಿಯ ಕೆಳಗೆ ಕೂತ.

"ನಂಗ್ಯಾವ ಕಾಗ್ದ ಬುದ್ದಿ. ನೀವ್ ವಾರ್ವಾರಾನೂ ಕಂಡಿದ್ದೀರಿ. ಇದ್ದುದ್ನ ಇದ್ದಂಗೆ ಯೋಳ್ಬುಡಿ, ಸಾಕು."

"ಹೇಳ್ತೀನಿ ಕೆಂಪಣ್ಣ" ಅಂದರು ಮೇಷ್ಟ್ರು. ನನ್ನ ಕಿವಿಯಾರೆ ಕೇಳಿದ್ದೇನೆ.

ಭೂ ನ್ಯಾಯಮಂಡಳಿಯ ವಿಚಾರಣೆಯ ದಿನ ಅರ್ಧ ದಿನ ರಜಾ ಹಾಕಿ ನಾನೂ ಹೋಗಿ ಬಾಗಿಲ ಬಳಿ ನಿಂತೆ. ಅಣ್ಣ ಒಂದು ಗಂಟು ತಂದಿದ್ದರು. ಬಿಚ್ಚಿದರೆ ಮೇಷ್ಟ್ರ ಚಿತ್ರಗಳು! ಅವರ ಮನೆಯ ಹಜಾರದಲ್ಲಿ ಕಟ್ಟು ಹಾಕಿಸಿ ತೂಗಿದ್ದ ನಾಲ್ಕು, ತಾರೀಖಿನ ಸಮೇತ. ಅಲ್ಲಿ ವಕೀಲರು ಬರುವಂತಿರಲಿಲ್ಲ. ಅಣ್ಣನೇ ಕೇಳಿದರು.

"ಇವು ನೀನು ಬರೆದದ್ದು ತಾನೆ?"

"ಹೌದು."

"ಅಲ್ಲೇ ಕೂತು, ಕಣ್ಣಾರೆ ನೋಡಿ?"

"ಹೌದು."

"ಇದರಲ್ಲಿ ಯಾರಾದರೂ ಗದ್ದೆ ಉಳ್ತಾ ಇದಾರೇನು?"

ಮೇಷ್ಟ್ರು ಅಣ್ಣನ ಮುಖ ನೋಡಿದರು. ಅಪ್ಪ ಸತ್ತ ಮೇಲೆ ಸಾಕಿದ ಅಣ್ಣ, ಚಿತ್ರ ಕಲಿಯಲು ಮೈಸೂರಿಗೆ ಕಳಿಸಿದ ಅಣ್ಣ. ಆಮೇಲೆ ಚಿತ್ರಗಳ ಕಡೆ ಕಣ್ಣು ತಿರುಗಿಸಿ, "ಚಿತ್ರದಲ್ಲಿ ಯಾರೂ ಇಲ್ಲ" ಅಂದರು.

"ನಾನ್ ಆಚ್ಗೆ ನಿಂತಿರ್ತಿದ್ದೆ ಅಂತ ಯೋಳಿ ಬುದ್ದಿ!" ಎಂದು ಕೆಂಪಣ್ಣ ಕೂಗಿದ. "ಒಂದ್ ಮಾತು ಯೋಳಿ!"

ಮೇಷ್ಟ್ರು ತಲೆ ತಗ್ಗಿಸಿ, ಎಡಗೈ ಹೆಬ್ಬೆರಳಿನಿಂದ ಬಲಗೈಯ ಆ ಕಪ್ಪು ಅಂಚನ್ನು ಉಜ್ಜುತ್ತಾ ನಿಂತುಬಿಟ್ಟರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವನ ಕಬ್ಬು ತಿಂದವಳು ನಾನೂ ಅಲ್ಲೇ ಇದ್ದೆನಲ್ಲ! ದೊಡ್ಡವರ ನಡುವೆ ಹೇಗೆ ಬಾಯಿ ಹಾಕುವುದು ಅಂದುಕೊಂಡು ಬಾಯಿದ್ದೂ ಮೂಗಿಯಾದೆ. ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು.

ಅರ್ಜಿ ಬಿದ್ದುಹೋಯಿತು. ಅಣ್ಣ ಆ ವರ್ಷವೇ ಗದ್ದೆ ಬಿಡಿಸಿಕೊಂಡರು. ಕೆಂಪಣ್ಣ ಎತ್ತು ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮದ್ದೂರಿನ ಕಡೆ ಆಲೆಮನೆಯ ಕೂಲಿಗೆ ಹೊರಟ. ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಅವನ ಎದುರು ನಿಂತು, "ತಪ್ಪಾಯ್ತು ಕೆಂಪಣ್ಣ" ಅಂದರಂತೆ. ಅವನು, "ನೀವೇನ್ ಮಾಡೀರಿ ಬುದ್ದಿ. ಎತ್ತ ಇಡ್ಕಂಡು ಆಚ್ಗೆ ಓಯ್ತಿದ್ದವ್ನು ನಾನೇ ಅಲ್ವಾ" ಅಂದನಂತೆ. ಆ ಮಾತಿನಲ್ಲಿ ಕೊಂಕಿರಲಿಲ್ಲ ಕಣಮ್ಮ ಎಂದು ಮೇಷ್ಟ್ರು ನನಗೆ ಹೇಳಿದರು. ಒಂದಿಷ್ಟು ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರೇನೋ.

ಆಮೇಲೆ ಭಾನುವಾರದ ಬಸ್ಸು ಹತ್ತಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬದನೆಕಾಯಿ, ಬಿಂದಿಗೆ ಬರೆದು ಕೂತುಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಕೆಲವು ತಿಂಗಳು ಕೆಂಪಣ್ಣನನ್ನು ಬರೆಯಲು ಒದ್ದಾಡಿದರು. ನೊಗ ಬರುತ್ತಿತ್ತು, ಎತ್ತು ಬರುತ್ತಿತ್ತು, ಪಂಚೆಯ ಮಡಿಕೆ ಬರುತ್ತಿತ್ತು. ಮುಖದ ಜಾಗದಲ್ಲಿ ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಗುತ್ತಿತ್ತು. ನನಗೆ ಸಿಟ್ಟು ಬಂತು. "ಬಾಯಲ್ಲಿ ಹೇಳೋಕಾಗದ್ದನ್ನ ಈಗ ಪೆನ್ಸಿಲಲ್ಲಿ ಹೇಳ್ತೀರಾ?" ಎಂದುಬಿಟ್ಟೆ. ನೀನೂ ಬಾಗಿಲಲ್ಲೇ ಇದ್ದೆಯಲ್ಲಮ್ಮ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. "ಮುಖ ಜ್ಞಾಪಕಕ್ಕೇ ಬರ್ತಿಲ್ಲ ಕಣಮ್ಮ" ಅಂದರು. "ಅಷ್ಟು ವರ್ಷ ಎದುರಿಗೇ ಇದ್ದ, ಒಂದು ದಿನಾನೂ ನೋಡೇ ಇಲ್ಲ ನಾನು."

ಮರುದಿನ ಪೆನ್ಸಿಲುಗಳನ್ನೆಲ್ಲ ಸ್ಕೂಲಿನ ಮಕ್ಕಳಿಗೆ ಹಂಚಿದರು. ಊಟ ಕಮ್ಮಿಯಾಯಿತು, ಮಾತು ನಿಂತಿತು. ಆ ದಶಕ ಮುಗಿಯುವ ಮೊದಲೇ ಹೋದರು. ವಠಾರದ ಅಂಗಳದಲ್ಲಿ ಮಲಗಿಸಿದ್ದಾಗ ಬಲಗೈ ಚಾಪೆಯ ಹೊರಗಿತ್ತು. ಅದರ ಅಂಚು ಬೆಳ್ಳಗೆ, ಶುದ್ಧವಾಗಿತ್ತು. ಮುಖ ನೋಡಿ ಬಾರದ ಅಳು ಆ ಕೈ ನೋಡಿ ಬಂತು. ಕಾರ್ಯ ಮುಗಿದ ಮೇಲೆ ಅಣ್ಣ ಆ ನಾಲ್ಕರಲ್ಲಿ ಒಂದು ಚಿತ್ರ ತಂದು, "ಇದು ನಿಮ್ಮಲ್ಲಿರಲಿ, ನಮಗೆ ನೋಡೋಕಾಗಲ್ಲ" ಎಂದು ಕೊಟ್ಟರು.

ಅದು ಈಗಲೂ ನನ್ನ ಗೋಡೆಯ ಮೇಲಿದೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. "ಎಂಥ ನೆಮ್ಮದಿ ಇದೆ ರೀ ಇದರಲ್ಲಿ! ಒಂದು ನರಪಿಳ್ಳೆಯೂ ಇಲ್ಲ" ಅನ್ನುತ್ತಾರೆ. ನಾನು ಎದ್ದು ಹೋಗಿ, ಕಟ್ಟಿನ ಎಡಗಡೆ, ಗಾಜು ಮುಗಿದು ಒಂದು ಗೇಣು ಆಚೆ, ಬರೀ ಗೋಡೆಯ ಮೇಲೆ ಬೆರಳಿಡುತ್ತೇನೆ.

"ಇದ್ದಾನೆ" ಅನ್ನುತ್ತೇನೆ. "ಇಲ್ಲಿ ಎತ್ತು ಹಿಡಿದುಕೊಂಡು ನಿಂತಿದ್ದಾನೆ."